ಯಂತ್ರ ನಮ್ಮದು, ಅಪ್ಪಣೆ ಯಾರದು?

ಹಣ ತೆತ್ತು ಕೊಂಡ ವಸ್ತುವಿಗೆ ಕೊಂಡವನೇ ಒಡೆಯನೆಂಬುದು ಲೋಕರೂಢಿ. ತಕ್ಕಡಿಯನ್ನು ಕೊಂಡ ವರ್ತಕನು, ಅದನ್ನು ತಯಾರಿಸಿದ ಕಾರ್ಖಾನೆ ಮುಚ್ಚಿಹೋದರೂ, ಅದರಲ್ಲಿ ತೂಗುತ್ತಲೇ ಇರುತ್ತಾನೆ. ಹಳೆಯ ಟ್ಯಾಂಜೆಂಟ್ ಗ್ಯಾಲ್ವನೊಮೀಟರಿನ ತಯಾರಕರ ಹೆಸರು ಅಳಿಸಿಹೋಗಿದ್ದರೂ ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದರ ಸೂಜಿ ತಿರುಗಿಯೇ ತಿರುಗುತ್ತದೆ. ಅದಕ್ಕೆ ಪ್ರಕೃತಿನಿಯಮದ ಹೊರತು ಬೇರೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಈಚೆಗೆ ಬಂದಿರುವ ಕೆಲವು ಯಂತ್ರಗಳ ವಿಷಯದಲ್ಲಿ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳುವಂತಿಲ್ಲ. ಉದ್ಯೋಗಸ್ಥಳಗಳಲ್ಲಿ ಬಳಕೆಗೆ ಬಂದಿರುವ ವರ್ಚುಯಲ್ ರಿಯಾಲಿಟಿ ಹೆಡ್‌ಸೆಟ್ ಇದಕ್ಕೊಂದು ಒಳ್ಳೆಯ ನಿದರ್ಶನ. ಅದನ್ನು ಮಾರಿದ ಸಂಸ್ಥೆ ತನ್ನ ಬೆಂಬಲದ ನೀತಿಯನ್ನು ಬದಲಾಯಿಸಿದಾಗ ಕೊಂಡವರ ಗತಿಯೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಈ ಉಪಕರಣವನ್ನು ಬರಿಯ ಆಟದ ಸಾಮಾನೆಂದು ತಿಳಿಯುವುದು ಸರಿಯಲ್ಲ. ಬೆಂಕಿ ಹತ್ತಿದ ಕಟ್ಟಡದಿಂದ ಪಾರಾಗುವ ಕ್ರಮವನ್ನು ಕಟ್ಟಡಕ್ಕೆ ಬೆಂಕಿಯಿಟ್ಟು ಕಲಿಸಲಾಗದು. ಹೊಸ ಕೆಲಸಗಾರನನ್ನು ಅಧಿಕ ವೋಲ್ಟೇಜಿನ ಫಲಕದ ಮುಂದೆ ನಿಲ್ಲಿಸಿ, ತಪ್ಪು ಮಾಡಿ ಕಲಿತುಕೋ ಎನ್ನಲಾಗದು. ಇಂಥ ಕಡೆ ತಪ್ಪಿಗೆ ಅವಕಾಶವಿದ್ದು ಅಪಾಯಕ್ಕೆ ಅವಕಾಶವಿಲ್ಲದ ಕಲಿಕೆಯನ್ನು ಹೆಡ್‌ಸೆಟ್ ಒದಗಿಸುತ್ತದೆ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ ತನ್ನ ನೌಕರರ ತರಬೇತಿಗಾಗಿ ಆಕ್ಯುಲಸ್ ಗೋ ಎಂಬ 17,000 ಹೆಡ್‌ಸೆಟ್‌ಗಳನ್ನು ಅಂಗಡಿಗಳಿಗೆ ಕಳುಹಿಸುವುದಾಗಿ ಪ್ರಕಟಿಸಿತೆಂದರೆ, ಈ ಬಳಕೆ ಎಷ್ಟು ದೊಡ್ಡ ಪ್ರಮಾಣದ್ದೆಂಬುದು ತಿಳಿಯುತ್ತದೆ. ಆದರೆ ಆ ಆಕ್ಯುಲಸ್ ಗೋ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಅದರ ಮಾರಾಟ ನಿಂತದ್ದು 2020ರಲ್ಲಿ. ಎರಡೇ ವರ್ಷ!

ಹೆಡ್‌ಸೆಟ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಸ್ವಲ್ಪ ನೋಡೋಣ. ಏಕೆಂದರೆ ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಸಾಮಾನ್ಯ ಕಣ್ಣು ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಆಯಾಸವಿಲ್ಲದೆ ಸ್ಪಷ್ಟವಾಗಿ ಕಾಣಲಾರದು. ಹೆಡ್‌ಸೆಟ್‌ನಲ್ಲಾದರೋ ಚಿತ್ರದ ಪರದೆ ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತದೆ. ಇವೆರಡರ ನಡುವೆ ಪೀನಮಸೂರವನ್ನಿಟ್ಟು, ಪರದೆಯನ್ನು ಅದರ ಸಂಗಮದೂರದ ಒಳಗೇ ನಿಲ್ಲಿಸಿದರೆ ಮಿಥ್ಯಾಬಿಂಬವು ದೂರದಲ್ಲಿ ಕಾಣಿಸುತ್ತದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು, ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿದಾಗ ಮಿದುಳು ಅವನ್ನು ಬೆಸೆದು ಆಳವನ್ನು ಕಲ್ಪಿಸಿಕೊಳ್ಳುತ್ತದೆ. ಇದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ ಸ್ಟೀರಿಯೊಸ್ಕೋಪಿನ ತತ್ತ್ವವೇ ಹೊರತು ಬೇರೆಯಲ್ಲ.

ಹೊಸದಾದದ್ದು ತಲೆಯ ಚಲನೆಯನ್ನು ಅಳೆಯುವ ಕ್ರಮ. ಹೆಡ್‌ಸೆಟ್‌ನಲ್ಲಿ ತಿರುಗುವಿಕೆಯನ್ನೂ ವೇಗೋತ್ಕರ್ಷವನ್ನೂ ಅಳೆಯುವ ಸಣ್ಣ ಸಂವೇದಕಗಳಿವೆ. ವೇಗೋತ್ಕರ್ಷದಿಂದ ಸ್ಥಾನವನ್ನು ಲೆಕ್ಕ ಹಾಕಬಹುದಷ್ಟೆ. ಆದರೆ ಅಳತೆಯಲ್ಲಿ ಸೆಕೆಂಡಿನ ವರ್ಗಕ್ಕೆ 0.01 ಮೀಟರಿನಷ್ಟು ಸ್ಥಿರದೋಷವಿದ್ದರೂ, ಸ್ಥಾನದ ದೋಷ ಕಾಲದ ವರ್ಗಕ್ಕನುಸಾರವಾಗಿ ಬೆಳೆದು 10 ಸೆಕೆಂಡುಗಳಲ್ಲಿ ಅರ್ಧ ಮೀಟರ್, ಒಂದು ನಿಮಿಷದಲ್ಲಿ 18 ಮೀಟರ್ ಆಗುತ್ತದೆ. ಈ ಕಾರಣದಿಂದ ಈಚಿನ ಹೆಡ್‌ಸೆಟ್‌ಗಳಲ್ಲಿ ಕೆಮರಾಗಳನ್ನೂ ಅಳವಡಿಸಿರುತ್ತಾರೆ. ಅವು ಕೋಣೆಯ ಮೂಲೆಗಳನ್ನೂ ಮೇಜುಗಳ ಅಂಚುಗಳನ್ನೂ ಗುರುತು ಹಿಡಿದು ಈ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತವೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ತಲೆ ತಿರುಗಿಸಿದ ಮೇಲೆ ಸುಮಾರು 20 ಮಿಲಿಸೆಕೆಂಡುಗಳೊಳಗೆ ಚಿತ್ರವೂ ತಿರುಗದಿದ್ದರೆ ನೋಡುವವನಿಗೆ ತಲೆಸುತ್ತು, ವಾಕರಿಕೆ ಆರಂಭವಾಗಬಹುದು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಸುಮಾರು 14,000 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ವೇಗದಿಂದ ಸಾಗುತ್ತದೆ. ತಂತು ನೇರವಾಗಿ ಹಾದಿದೆಯೆಂದೇ ಭಾವಿಸಿದರೂ ಹೋಗಿ ಬರಲು 140 ಮಿಲಿಸೆಕೆಂಡು ಬೇಕು. ಎಂದರೆ ಬೇಕಾದ ವೇಳೆಯ ಏಳರಷ್ಟು. ಆದುದರಿಂದ ಚಿತ್ರವನ್ನು ತಿರುಗಿಸುವ ಕೆಲಸವನ್ನು ದೂರದ ಸರ್ವರ್ ಮಾಡಲಾರದು. ಅದು ತಲೆಯ ಮೇಲಿರುವ ಯಂತ್ರದಲ್ಲಿಯೇ ನಡೆಯಬೇಕು, ನಡೆಯುತ್ತಲೂ ಇದೆ. ಹೀಗಿರುವಲ್ಲಿ, ಕಂಪನಿಯ ಸರ್ವರ್ ನಿಂತರೆ ಹೆಡ್‌ಸೆಟ್ ಏಕೆ ನಿಲ್ಲಬೇಕು? ಭೌತವಿಜ್ಞಾನದಲ್ಲಿ ಇದಕ್ಕೆ ಯಾವ ಕಾರಣವೂ ಸಿಕ್ಕುವುದಿಲ್ಲ.

ಕಾರಣವಿರುವುದು ಅಪ್ಪಣೆಯಲ್ಲಿ. ಹಿಂದೆ ಅರಸನ ಮುದ್ರೆಯಿಲ್ಲದ ಓಲೆಯನ್ನು ಕೋಟೆಯ ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ. ಹೆಡ್‌ಸೆಟ್ ಕೂಡ ತಯಾರಕರ ಗುಪ್ತಸಂಖ್ಯೆಯಿಂದ ಮುದ್ರಿತವಾಗದ ಮೂಲ ತಂತ್ರಾಂಶವನ್ನು ಒಪ್ಪುವುದಿಲ್ಲ. ಕೆಲವು ಉಪಕರಣಗಳು ತಯಾರಕರ ಸರ್ವರಿನಲ್ಲಿ ಖಾತೆಯನ್ನು ಒಪ್ಪಿಸಿಕೊಳ್ಳದೆ ಬಾಗಿಲನ್ನೇ ತೆರೆಯುವುದಿಲ್ಲ. ಕಳ್ಳ ತಂತ್ರಾಂಶ ನುಸುಳದಂತೆ ತಡೆಯಲು ಈ ಏರ್ಪಾಡು ಉಪಯುಕ್ತವೇ. ಆದರೆ ಮುದ್ರೆಯೊತ್ತುವವನು ಎದ್ದುಹೋದ ಮೇಲೆ ಕೋಟೆಯ ಒಡೆಯನೇ ಹೊರಗೆ ನಿಲ್ಲಬೇಕಾದ ಸ್ಥಿತಿ ಬರುತ್ತದೆ.

ಉದ್ಯೋಗಸ್ಥಳದಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಳ್ಳುತ್ತದೆ. ಐದು ಹೆಡ್‌ಸೆಟ್‌ಗಳಿದ್ದರೆ ಒಬ್ಬ ಗುಮಾಸ್ತ ಕೈಯಿಂದಲೇ ಸಜ್ಜುಗೊಳಿಸಬಲ್ಲ. ಐನೂರಿದ್ದರೆ ಎಲ್ಲಕ್ಕೂ ಒಂದೇ ಪಾಠವನ್ನು ತುಂಬಲು, ಬೇರೆ ಯಾವುದನ್ನೂ ತೆರೆಯದಂತೆ ಬಿಗಿಮಾಡಲು, ಕಳೆದುಹೋದದ್ದರಲ್ಲಿರುವ ಮಾಹಿತಿಯನ್ನು ದೂರದಿಂದಲೇ ಅಳಿಸಲು ಒಂದು ನಿರ್ವಹಣಾ ಸೇವೆ ಬೇಕಾಗುತ್ತದೆ. ಇದನ್ನು ಹೆಡ್‌ಸೆಟ್ ಮಾರಿದವರೇ ವರ್ಷಕ್ಕಿಷ್ಟೆಂದು ಚಂದಾ ಪಡೆದು ಒದಗಿಸುವುದುಂಟು. ಬೇರೆ ಸಂಸ್ಥೆಗಳ ಸೇವೆಗಳೂ ಇವೆ; ಆದರೆ ಅವುಗಳಿಗೂ ಮೂಲ ತಯಾರಕರು ತೆರೆದಿಟ್ಟ ಬಾಗಿಲೇ ದಾರಿ.

ಈ ಬಾಗಿಲುಗಳು ಮುಚ್ಚುವುದು ಅಪರೂಪವಲ್ಲವೆಂಬುದನ್ನು ಕಳೆದ ಕೆಲವು ವರ್ಷಗಳ ಇತಿಹಾಸ ತೋರಿಸುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ವ್ಯವಸ್ಥೆಯನ್ನು ಕೈಬಿಡುವುದಾಗಿ 2023ರ ಡಿಸೆಂಬರಿನಲ್ಲಿ ತಿಳಿಸಿ, 2024ರಲ್ಲಿ ಬಂದ ವಿಂಡೋಸ್ ಆವೃತ್ತಿಯಿಂದ ಅದನ್ನು ತೆಗೆದೇ ಹಾಕಿತು. ಅದನ್ನು ನಂಬಿ ಎಚ್‌ಪಿ, ಏಸರ್, ಡೆಲ್, ಲೆನೊವೊ ಮೊದಲಾದವರು ಹೆಡ್‌ಸೆಟ್‌ಗಳನ್ನು ಮಾರಿದ್ದರು. ಅದೇ ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2ರ ತಯಾರಿಕೆ 2024ರಲ್ಲಿ ನಿಂತಿತು. ಅದರ ತಂತ್ರಾಂಶಕ್ಕೆ ಬೆಂಬಲ 2027ರ ಡಿಸೆಂಬರ್ 31ರವರೆಗೆ ಎಂದು ಗಡುವಿಟ್ಟರು. 2018ರಲ್ಲಿ 2,295 ಡಾಲರಿಗೆ ಮಾರಾಟಕ್ಕೆ ಬಂದ ಮ್ಯಾಜಿಕ್ ಲೀಪ್ 1ರ ಕಥೆ ಇನ್ನೂ ಕಠಿನ. 2024ರ ಡಿಸೆಂಬರ್ 31ರಂದು ಅದರ ಸರ್ವರ್ ಸೇವೆ ಕೊನೆಗೊಳ್ಳುವುದೆಂದೂ, ಬಳಿಕ ಉಪಕರಣವೇ ಕೆಲಸ ಮಾಡುವುದಿಲ್ಲವೆಂದೂ ತಯಾರಕರೇ ಸಾರಿದರು. ಕೊನೆಯದಾಗಿ ಮೆಟಾ ಸಂಸ್ಥೆ, ಉದ್ಯಮಗಳಿಗಾಗಿಯೇ ಇದ್ದ ಕ್ವೆಸ್ಟ್ ಹೆಡ್‌ಸೆಟ್‌ಗಳ ಹಾಗೂ ಅವುಗಳ ನಿರ್ವಹಣಾ ಸೇವೆಯ ಮಾರಾಟವನ್ನು 2026ರ ಫೆಬ್ರವರಿ 20ರಿಂದ ನಿಲ್ಲಿಸುವುದಾಗಿ ಪ್ರಕಟಿಸಿತು. ಈಗಾಗಲೇ ಕೊಂಡಿದ್ದವರಿಗೆ 2030ರ ಜನವರಿ 4ರವರೆಗೆ ಸೇವೆ ದೊರೆಯುವುದೆಂದು ಹೇಳಿತು.

ಇವರೆಲ್ಲರನ್ನೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ. ಸುಮಾರು ನಾಲ್ಕು ವರ್ಷಗಳ ಮುನ್ಸೂಚನೆಗೂ ಉಪಕರಣವನ್ನೇ ನಿಷ್ಪ್ರಯೋಜಕ ಮಾಡುವ ನಿರ್ಧಾರಕ್ಕೂ ಬಹಳ ಅಂತರವಿದೆ. ಅಲ್ಲದೆ, ನಷ್ಟದಲ್ಲಿರುವ ವ್ಯಾಪಾರವನ್ನು ಯಾರೂ ಎಂದೆಂದಿಗೂ ನಡೆಸಲಾರರು. ಹೆಡ್‌ಸೆಟ್‌ಗಳೂ ಸೇರಿದ ಮೆಟಾ ಸಂಸ್ಥೆಯ ವಿಭಾಗಕ್ಕೆ 2024ರೊಂದರಲ್ಲೇ 17 ಶತಕೋಟಿ ಡಾಲರಿಗೂ ಮಿಕ್ಕಿ ನಷ್ಟವಾಯಿತು. ಹಳೆಯ ಯಂತ್ರಕ್ಕೆ ರಕ್ಷಣೆಯ ತಿದ್ದುಪಡಿಗಳನ್ನು ಬರೆಯುತ್ತಲೇ ಇರುವುದಕ್ಕೆ ಜನವೂ ಬೇಕು, ಹಣವೂ ಬೇಕು. ಆದುದರಿಂದ ಬೆಂಬಲ ಎಂದಿಗೂ ನಿಲ್ಲಕೂಡದೆಂದು ನಾವು ವಾದಿಸುವುದಿಲ್ಲ. ನಿಲ್ಲುವ ದಿನ ಕೊಳ್ಳುವಾಗಲೇ ತಿಳಿದಿರಬೇಕು, ನಿಂತ ಮೇಲೆ ಬೀಗದ ಕೈ ಕೊಂಡವನ ಕೈಗೆ ಬರಬೇಕು ಎಂಬಿಷ್ಟೇ ನಮ್ಮ ವಾದ.

ಇದು ಆಗದ ಮಾತೇನೂ ಅಲ್ಲ. ಮೊದಲು ಹೇಳಿದ ಆಕ್ಯುಲಸ್ ಗೋ ವಿಷಯದಲ್ಲಿಯೇ ಇದು ನಡೆದಿದೆ. ಮಾರಾಟ ನಿಂತ ಮರುವರ್ಷ, 2021ರಲ್ಲಿ, ತಯಾರಕರು ಅದರ ಬೀಗವನ್ನು ತೆರೆಯುವ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಹಾಗೆ ಮಾಡಬೇಕೆಂದು ಒಳಗಿನಿಂದ ಒತ್ತಾಯಿಸುತ್ತ ಬಂದವರು ಜಾನ್ ಕಾರ್ಮ್ಯಾಕ್. ಕಾನೂನೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಸೈಬರ್ ರಕ್ಷಣೆಯ ಶಾಸನವು, ಡಿಜಿಟಲ್ ವಸ್ತುಗಳಿಗೆ ಸಾಮಾನ್ಯವಾಗಿ ಐದು ವರ್ಷವಾದರೂ ರಕ್ಷಣಾ ಬೆಂಬಲವಿರಬೇಕೆಂದೂ, ಅದು ಮುಗಿಯುವ ತಿಂಗಳು ಮತ್ತು ವರ್ಷವನ್ನು ಕೊಳ್ಳುವ ವೇಳೆಗೇ ತಿಳಿಸಬೇಕೆಂದೂ ವಿಧಿಸುತ್ತದೆ. ಅದರ ಮುಖ್ಯ ಕಟ್ಟಳೆಗಳಿಗೆ ನಿಗದಿಯಾದ ದಿನ 2027ರ ಡಿಸೆಂಬರ್ 11. ನಮ್ಮಲ್ಲಿ ಕೇಂದ್ರ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಮೊಬೈಲು, ಟ್ರ್ಯಾಕ್ಟರುಗಳ ಬಿಡಿಭಾಗಗಳ ಮಾತು ಅಲ್ಲಿ ಬಂದಿದೆ. ಬಿಡಿಭಾಗದಷ್ಟೇ ಬೀಗದ ಕೈಯೂ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ಕಾನೂನು ಬರುವವರೆಗೆ, ಹೆಡ್‌ಸೆಟ್‌ಗಳನ್ನು ಈಗಾಗಲೇ ಕೊಂಡಿರುವ ಸಂಸ್ಥೆಗಳು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯದಾಗಿ, ಪ್ರಯೋಗಶಾಲೆಯ ದಾಸ್ತಾನು ಪುಸ್ತಕದಂತೆ ಒಂದು ಲೆಕ್ಕದ ಪುಸ್ತಕವಿರಬೇಕು. ಪ್ರತಿಯೊಂದು ಯಂತ್ರದ ಮಾದರಿ, ತಂತ್ರಾಂಶದ ಆವೃತ್ತಿ, ಅದು ಯಾವ ಖಾತೆಗೆ ಕಟ್ಟುಬಿದ್ದಿದೆ, ಬೆಂಬಲ ಮುಗಿಯುವ ದಿನ ಯಾವುದು, ಇಷ್ಟನ್ನು ಅದರಲ್ಲಿ ಬರೆದಿಡಬೇಕು. ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ನೌಕರನೊಬ್ಬನ ಹೆಸರಿನಲ್ಲಲ್ಲ. ಅವನು ಕೆಲಸ ಬಿಟ್ಟ ದಿನ ಯಂತ್ರಗಳೂ ಅವನ ಹಿಂದೆ ಹೋದಂತಾಗಬಾರದು.

ಎರಡನೆಯದಾಗಿ, ಒಂದು ಪ್ರಯೋಗ ಮಾಡಿ ನೋಡಬೇಕು. ಒಂದು ಹೆಡ್‌ಸೆಟ್‌ಗೆ ಒಂದು ವಾರ ಅಂತರ್ಜಾಲದ ಸಂಪರ್ಕವನ್ನೇ ಕೊಡದೆ ಎಂದಿನ ಪಾಠಗಳನ್ನು ನಡೆಸಬೇಕು. ನಡುವೆ ಅದನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಬೇಕು. ಯಾವುದು ನಡೆಯಿತು, ಯಾವುದು ನಿಂತಿತು ಎಂಬುದನ್ನು ಬರೆದುಕೊಂಡರೆ, ಕಂಪನಿ ಕೈಬಿಟ್ಟ ದಿನದ ಸ್ಥಿತಿಯ ಒಂದು ಅಂದಾಜು ಇಂದೇ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಜಾಹೀರಾತಿನ ಹತ್ತು ಪುಟ ಹೇಳದ ಸತ್ಯವನ್ನು ಇದು ಹೇಳುತ್ತದೆ.

ಮೂರನೆಯದಾಗಿ, ಪಾಠಗಳನ್ನು ಯಂತ್ರಕ್ಕಿಂತ ಹೆಚ್ಚು ಜೋಪಾನ ಮಾಡಬೇಕು. ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಅನುಭವಿ ಕೆಲಸಗಾರರ ತಿಳಿವಳಿಕೆಯನ್ನು ಕೂಡಿಸಿ ಮಾಡಿಸಿದ ಪಾಠ ಹೋದರೆ ಅಷ್ಟು ಸುಲಭವಾಗಿ ಮರಳಿ ಬಾರದು. ಪಾಠವನ್ನು ಬರೆಸುವಾಗಲೇ ಅದರ ಮೂಲ ಕಡತಗಳು ತಮಗೆ ಸಲ್ಲಬೇಕೆಂದು ಕರಾರಿನಲ್ಲಿ ಸೇರಿಸಬೇಕು. 2019ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಓಪನ್‌ಎಕ್ಸ್‌ಆರ್ ಎಂಬ ಮುಕ್ತ ಮಾನಕವನ್ನು ಅನುಸರಿಸಿ ಬರೆದ ಪಾಠವನ್ನು, ಹೆಚ್ಚಿನ ಬದಲಾವಣೆಯಿಲ್ಲದೆ ಬೇರೆ ತಯಾರಕರ ಹೆಡ್‌ಸೆಟ್‌ಗೂ ಒಗ್ಗಿಸಬಹುದು.

ನಾಲ್ಕನೆಯದು ಎಚ್ಚರಿಕೆಯ ಮಾತು. ಬೆಂಬಲ ಮುಗಿದ ಹೆಡ್‌ಸೆಟ್ ಹೊತ್ತಿಕೊಳ್ಳುತ್ತದೆಯೆಂದ ಮಾತ್ರಕ್ಕೆ ಅದು ನಿರಪಾಯವೆಂದು ಭಾವಿಸಕೂಡದು. ಅದರಲ್ಲಿ ಕೋಣೆಯನ್ನು ನೋಡುವ ಕೆಮರಾಗಳಿವೆ, ಮಾತನ್ನು ಕೇಳುವ ಮೈಕ್ರೋಫೋನಿದೆ. ರಕ್ಷಣೆಯ ತಿದ್ದುಪಡಿ ನಿಂತ ಮೇಲೆ ಅದನ್ನು ಕಚೇರಿಯ ಮುಖ್ಯ ಜಾಲದಿಂದ ಬೇರ್ಪಡಿಸಿ ಪ್ರತ್ಯೇಕ ಜಾಲದಲ್ಲಿಯೋ, ಜಾಲವೇ ಇಲ್ಲದೆಯೋ ಬಳಸುವುದು ಕ್ಷೇಮ. ಯಂತ್ರವನ್ನು ಬೇರೆಯವರಿಗೆ ಒಪ್ಪಿಸುವ ಮುನ್ನ ಅದರೊಳಗಿನ ಮಾಹಿತಿಯನ್ನು ಅಳಿಸಿ, ಖಾತೆಯಿಂದಲೂ ನಿರ್ವಹಣಾ ಸೇವೆಯಿಂದಲೂ ಬಿಡಿಸಬೇಕು. ಸೇವೆ ನಿಂತ ಮೇಲೆ ಈ ಬಿಡಿಸುವ ಕೆಲಸವೇ ಕಷ್ಟವಾಗಬಹುದಾದ್ದರಿಂದ ಇದನ್ನು ಗಡುವಿನ ಮೊದಲೇ ಮಾಡತಕ್ಕದ್ದು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇನ್ನು ಕೆಲವೇ ವರ್ಷಗಳಲ್ಲಿ ಕಾರ್ಖಾನೆ, ಆಸ್ಪತ್ರೆ, ಶಾಲೆಗಳಲ್ಲಿ ಇಂಥ ಯಂತ್ರಗಳನ್ನು ಆರಿಸುವ ಸ್ಥಾನಕ್ಕೆ ಬರುವರು. ಆಗ ಪರದೆಯ ಸೂಕ್ಷ್ಮತೆಯನ್ನೂ ಬ್ಯಾಟರಿಯ ಬಾಳಿಕೆಯನ್ನೂ ಕೇಳುವುದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಲಿ. ಇದರ ಬೆಂಬಲ ಯಾವ ದಿನ ಮುಗಿಯುತ್ತದೆ? ಆ ಬಳಿಕ ನಿಮ್ಮ ಸರ್ವರ್ ಇಲ್ಲದೆ ಇದು ಏನೇನನ್ನು ಮಾಡಬಲ್ಲದು? ಬೀಗದ ಕೈಯನ್ನು ನಮಗೆ ಕೊಡುವಿರಾ? ಉತ್ತರ ಬರವಣಿಗೆಯಲ್ಲಿ ಬಾರದಿದ್ದರೆ, ತಾವು ಕೊಳ್ಳುತ್ತಿರುವುದು ಯಂತ್ರವನ್ನಲ್ಲ, ಅವಧಿ ತಿಳಿಯದ ಬಾಡಿಗೆಯನ್ನು ಎಂದು ತಿಳಿದು ಅದಕ್ಕೆ ತಕ್ಕಷ್ಟೇ ಬೆಲೆ ಕೊಡಲಿ.