ಹಗೇವಿನ ಕಾಳನ್ನು ಮನೆಯೊಳಗಿನ ಚೀಲಕ್ಕೆ ಕೂಡಿಸಬಾರದು



ಮಕ್ಕಳ ಓದಿಗೆಂದು ಹೊಸ ಮೊಬೈಲು ಕೊಳ್ಳುವ ಮನೆಗಳಲ್ಲಿ ಒಂದು ಲೆಕ್ಕ ಮೇಲಿಂದ ಮೇಲೆ ಕೇಳಿಬರುತ್ತಿದೆ: ‘4 ಜಿಬಿಗೆ 4 ಜಿಬಿ ಕೂಡಿಸಿದರೆ 8 ಜಿಬಿ ರ‍್ಯಾಮ್’. 2021ರಿಂದೀಚೆಗೆ ಹಲವು ಕಂಪನಿಗಳು ಈ ಬಗೆಯ ಸಂಕಲನವನ್ನು ಮುಂದಿಟ್ಟೇ ಫೋನು ಮಾರುತ್ತಿವೆ. ಸಂಕಲನವೇನೋ ಸರಿ, ಆದರೆ ಕೂಡಿಸಿದ ಎರಡು ಪದಾರ್ಥಗಳು ಒಂದೇ ಜಾತಿಯವಲ್ಲ. ಈ ಲೆಕ್ಕವನ್ನು ನಾವು ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ಗಣಕಯಂತ್ರಕ್ಕಾಗಲಿ ಮೊಬೈಲಿಗಾಗಲಿ ಎರಡು ಬಗೆಯ ನೆನಪುಂಟು. ತಾರಾದೇವಿಯ ಬೌದ್ಧ ವಿಹಾರದ ಸುದ್ದಿ ಹೇಳುವ ನಮ್ಮ ಡಂಬಳದ 1095ರ ಶಾಸನವು ಕಲ್ಲಿನಲ್ಲಿ ಕೊರೆದದ್ದರಿಂದ ಒಂಬತ್ತು ಶತಮಾನ ಕಳೆದರೂ ಉಳಿದಿದೆ. ಆದರೆ ದಿನದ ಕೂಡು-ಕಳೆಗೆ ಯಾರೂ ಕಲ್ಲು ಕೊರೆಯುವುದಿಲ್ಲ. ಪಾಟಿಯ ಮೇಲೆ ಬರೆದು ಅಳಿಸುತ್ತಾರೆ. ರ‍್ಯಾಮ್ ಎಂಬುದು ಪಾಟಿ. ಅದು ವೇಗದ್ದು, ದುಬಾರಿಯದು, ವಿದ್ಯುತ್ತು ಹೋದೊಡನೆ ಅಳಿಯುವಂಥದು. ಹಾರ್ಡ್ ಡಿಸ್ಕು ಮತ್ತು ಫೋನಿನೊಳಗಿನ ಸ್ಟೋರೇಜು ಅಗ್ಗವಾದುವು, ವಿಶಾಲವಾದುವು, ಬಾಳುವಂಥವು, ಆದರೆ ನಿಧಾನ.

ಪಾಟಿ ಚಿಕ್ಕದು, ಲೆಕ್ಕ ದೊಡ್ಡದು ಎಂಬ ತೊಡಕು ಗಣಕದಷ್ಟೇ ಹಳೆಯದು. ಮೊದಮೊದಲು ಪ್ರೋಗ್ರಾಮು ಬರೆಯುವವನೇ ಅದನ್ನು ತುಂಡುಮಾಡಿ, ಯಾವ ತುಂಡನ್ನು ಯಾವಾಗ ಒಳಗೆ ತರಬೇಕೆಂದು ನಿಶ್ಚಯಿಸಬೇಕಾಗಿತ್ತು. ಟಾಮ್ ಕಿಲ್‌ಬರ್ನ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಯಂತ್ರವು ಈ ಹೊರೆಯನ್ನು ತಾನೇ ಹೊತ್ತಿತು. ಮುಖ್ಯ ನೆನಪು ಚಿಕ್ಕದು, ಅದರ ಆರು ಪಟ್ಟು ದೊಡ್ಡದಾದ ಕಾಂತೀಯ ಡ್ರಮ್ಮು ಹಿಂದುಗಡೆ. ಬಳಸುವವನಿಗೆ ಮಾತ್ರ ಎರಡೂ ಸೇರಿ ಒಂದೇ ವಿಶಾಲ ನೆನಪಿನಂತೆ ತೋರುತ್ತಿತ್ತು. ಇದೇ ವರ್ಚುವಲ್ ಮೆಮೊರಿಯ ಮೂಲ.

ಒಕ್ಕಲುತನದ ಮನೆಯವರಿಗೆ ಇದನ್ನು ಹಗೇವಿನಿಂದ ತಿಳಿಸುವುದು ಸುಲಭ. ಮನೆಯೊಳಗೆ ನಾಲ್ಕು ಚೀಲಕ್ಕೆ ಮಾತ್ರ ಸ್ಥಳವಿದೆ, ಉಳಿದ ಕಾಳೆಲ್ಲ ನೆಲದೊಳಗಿನ ಹಗೇವಿನಲ್ಲಿದೆ ಎಂದು ಕಲ್ಪಿಸಿಕೊಳ್ಳಿರಿ. ಬೇಕಾದ ಕಾಳು ಮನೆಯಲ್ಲಿ ಇಲ್ಲದಿದ್ದರೆ ಹಗೇವು ತೆರೆಯಬೇಕು. ತೆರೆದ ಮೇಲೆ ಒಂದು ಹಿಡಿಯನ್ನಷ್ಟೇ ಯಾರೂ ತರುವುದಿಲ್ಲ. ಇಡೀ ಚೀಲವನ್ನೇ ತರುತ್ತಾರೆ. ಅದಕ್ಕೆ ಸ್ಥಳ ಮಾಡಲು, ಬಹುದಿನದಿಂದ ಮುಟ್ಟದ ಇನ್ನೊಂದು ಚೀಲವನ್ನು ಒಳಗಿಳಿಸುತ್ತಾರೆ. ಗಣಕದಲ್ಲಿ ಈ ಚೀಲಕ್ಕೆ ‘ಪುಟ’ ಎನ್ನುತ್ತಾರೆ. ಸಾಮಾನ್ಯ ಗಣಕಗಳಲ್ಲಿ ಒಂದು ಪುಟದ ಅಳತೆ 4 ಕಿಲೋಬೈಟು. ಯಾವ ಪುಟ ಎಲ್ಲಿದೆ ಎಂಬ ಖಾತೆಯನ್ನು ಆಪರೇಟಿಂಗ್ ಸಿಸ್ಟಮ್ ಬರೆದಿಟ್ಟುಕೊಂಡಿರುತ್ತದೆ.

ಈ ಉಪಾಯ ಜಾಣತನದ್ದೇ. ಆದರೆ ಅದು ಕೊರತೆಯನ್ನು ಮರೆಮಾಡುತ್ತದೆಯೇ ಹೊರತು ನೀಗುವುದಿಲ್ಲ. ರ‍್ಯಾಮಿನಿಂದ ಓದಲು ಒಂದು ಸೆಕೆಂಡು ಬೇಕೆಂದು ಭಾವಿಸಿದರೆ, ಅದೇ ಅಳತೆಯಲ್ಲಿ ಈಗಿನ ಫ್ಲ್ಯಾಶ್ ಸ್ಟೋರೇಜಿನಿಂದ ಓದಲು ಸುಮಾರು ಹದಿನೇಳು ನಿಮಿಷ ಬೇಕು. ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಒಂದು ದಿನಕ್ಕೂ ಹೆಚ್ಚು. ಯಾವುದೇ ಪ್ರೋಗ್ರಾಮು ಒಂದು ಹೊತ್ತಿನಲ್ಲಿ ಕೆಲವೇ ಪುಟಗಳನ್ನು ಮತ್ತೆ ಮತ್ತೆ ಬಳಸುತ್ತದೆಂಬ ಸಂಗತಿಯನ್ನು ಪೀಟರ್ ಡೆನ್ನಿಂಗ್ 1968ರಲ್ಲಿ ಸಿದ್ಧಾಂತವಾಗಿ ನಿರೂಪಿಸಿದರು. ಆ ಪುಟಗಳಷ್ಟು ರ‍್ಯಾಮಿನಲ್ಲಿ ಹಿಡಿದರೆ ಕೆಲಸ ಸುಗಮ. ಹಿಡಿಯದಿದ್ದರೆ ಯಂತ್ರವು ಚೀಲ ಇಳಿಸುವುದರಲ್ಲಿ, ಏರಿಸುವುದರಲ್ಲಿಯೇ ದಣಿಯುತ್ತದೆ, ಅಡುಗೆ ಆಗುವುದಿಲ್ಲ. ಗಣಕದ ದೀಪ ಮಿಣುಕುತ್ತಲೇ ಇದ್ದು ಪರದೆ ಮಾತ್ರ ಅಲುಗಾಡದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಇನ್ನು ಜಾಹೀರಾತಿನ ಮಾತಿಗೆ ಬರೋಣ. ಅಲ್ಲಿ ಕೂಡಿಸಿದ ಎರಡನೆಯ 4 ಜಿಬಿ ಹಗೇವಿನದು, ಅಂದರೆ ಫೋನಿನ ಸ್ಟೋರೇಜಿನಿಂದಲೇ ಕತ್ತರಿಸಿ ಕೊಟ್ಟದ್ದು. ಅದರಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹಿಂದೆ ಸರಿದು ಕುಳಿತ ಆ್ಯಪು ಮುಚ್ಚಿಹೋಗದೆ ಉಳಿಯಲು ಅದು ನೆರವಾಗಬಹುದು. ಆದರೆ ಅದನ್ನು ರ‍್ಯಾಮೆಂದು ಎಣಿಸಿ ದೊಡ್ಡ ಅಕ್ಷರದಲ್ಲಿ ಬರೆಯುವುದು ಗ್ರಾಹಕನ ಅಜ್ಞಾನದ ಮೇಲೆ ನಡೆಸುವ ವ್ಯಾಪಾರ. ಸಾಲ ಮಾಡಿ ಫೋನು ಕೊಳ್ಳುವ ತಂದೆಗೆ ನಿಜವಾದ ಅಂಕಿಯನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ತಿಳಿಸುವುದು ಮಾರುವವನ ಕರ್ತವ್ಯವಾಗಬೇಕು.

ಆದುದರಿಂದ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿರಿ: ‘ಕೂಡಿಸುವ ಮೊದಲಿನ ರ‍್ಯಾಮ್ ಎಷ್ಟು?’ ಫೋನಿನಲ್ಲಿ ಅದನ್ನು ಮುಂದೆ ಹೆಚ್ಚಿಸಲಾಗದು. ಮನೆಯ ಅಥವಾ ಶಾಲೆಯ ಹಳೆಯ ಗಣಕದ ವಿಷಯ ಬೇರೆ. ಅನೇಕ ಗಣಕಗಳಿಗೆ ರ‍್ಯಾಮ್ ಕೂಡಿಸಬಹುದು, ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಬಹುದು. ನಿಧಾನವಾಯಿತೆಂದು ಗುಜರಿಗೆ ಹಾಕುವ ಮುನ್ನ ಇದನ್ನು ವಿಚಾರಿಸಿರಿ. ಹಾಗೆಯೇ, ರ‍್ಯಾಮ್ ತುಂಬಿದೆಯೆಂದು ಹೆದರಿ ಗಳಿಗೆಗೊಮ್ಮೆ ಎಲ್ಲ ಆ್ಯಪುಗಳನ್ನು ಮುಚ್ಚಬೇಡಿರಿ. ತುಂಬಿದ ಪಾಟಿ ದೋಷವಲ್ಲ. ಮುಚ್ಚಿದ್ದನ್ನು ಮತ್ತೆ ತೆರೆಯುವಾಗ ಯಂತ್ರಕ್ಕೆ ಇಮ್ಮಡಿ ಕೆಲಸ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ‘ರ‍್ಯಾಮ್ ಎಂದರೆ ತಾತ್ಕಾಲಿಕ ಸ್ಮೃತಿ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿ ಸುಮ್ಮನಾಗಬೇಡಿರಿ. ಆ ವಾಕ್ಯದಿಂದ ಪರೀಕ್ಷೆಯಲ್ಲಿ ಒಂದು ಅಂಕ ಬಂದೀತು. ಅದರ ಹಿಂದಿನ ವ್ಯವಹಾರ ತಿಳಿದ ಹುಡುಗಿ ಮಾತ್ರ ನಾಳೆ ಅಂಗಡಿಯಲ್ಲಿ ತಂದೆಯ ಪಕ್ಕ ನಿಂತು ಆ ಪ್ರಶ್ನೆಯನ್ನು ಕೇಳಬಲ್ಲಳು.