ಮಾದರಿಯ ಮುಚ್ಚಳ ಎಷ್ಟು ಎತ್ತರದಲ್ಲಿರಬೇಕು?

ಮಳೆ, ಮೋಡ, ಗುಡುಗು ಎಲ್ಲ ನಡೆಯುವುದು ನೆಲದಿಂದ ಹತ್ತು ಹದಿನೈದು ಕಿ.ಮೀ. ಒಳಗೆ. ಅದರಾಚೆ ಗಾಳಿ ವಿರಳ, ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹವಾಮಾನದ ಕಂಪ್ಯೂಟರ್ ಮಾದರಿಗಳಿಗೆ ಬಹುಕಾಲ ಸುಮಾರು 30 ಕಿ.ಮೀ. ಎತ್ತರದಲ್ಲೇ ಮುಚ್ಚಳ ಹಾಕುವುದು ರೂಢಿಯಾಗಿತ್ತು. ಮಾದರಿಯಲ್ಲಿ ಗಾಳಿಯ ಪದರ ಹೆಚ್ಚಿದಷ್ಟೂ ಲೆಕ್ಕದ ಹೊರೆ ಹೆಚ್ಚುತ್ತದೆ, ನಿಜ. ಆದರೂ ಮುಚ್ಚಳವನ್ನು ತಗ್ಗಿನಲ್ಲಿಡುವುದು ದುಬಾರಿಯಾದ ಉಳಿತಾಯ ಎಂಬುದೇ ನನ್ನ ವಾದ.

ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ಮೋಡಗಳ ಪದರದಾಚೆಗಿನ ಸಮೋಷ್ಣ ಮಂಡಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ತಿರುಗುವ ಗಾಳಿಯ ದೊಡ್ಡ ಸುಳಿಯೊಂದಿರುತ್ತದೆ. ಪರ್ವತಸಾಲುಗಳಿಂದ, ನೆಲ ಮತ್ತು ಕಡಲಿನ ತಾಪದ ಅಂತರದಿಂದ ಹುಟ್ಟುವ ಸಾವಿರಾರು ಕಿ.ಮೀ. ಉದ್ದದ ಅಲೆಗಳು ಮೇಲೇರಿ ಅಲ್ಲಿ ಒಡೆದರೆ ಸುಳಿ ಸೊರಗುತ್ತದೆ, ಕೆಲವೇ ದಿನಗಳಲ್ಲಿ ಅಲ್ಲಿನ ತಾಪ ಹತ್ತಾರು ಡಿಗ್ರಿ ಏರುತ್ತದೆ. ಬರ್ಲಿನ್ನಿನ ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್ಹಾಗ್ 1952ರಲ್ಲೇ ಬಲೂನು ಹಾರಿಸಿ ಇದನ್ನು ಕಂಡಿದ್ದರು. 2018ರ ಫೆಬ್ರವರಿ 12ರ ಹೊತ್ತಿಗೆ ಸುಳಿ ಇಬ್ಭಾಗವಾಗಿ, 30 ಕಿ.ಮೀ. ಎತ್ತರದ ಗಾಳಿ ದಿಕ್ಕನ್ನೇ ಬದಲಿಸಿತು. ಎರಡು ವಾರದ ಬಳಿಕ, 26ರಂದು, ರೋಮ್ ನಗರದಲ್ಲಿ ಹಿಮ ಬಿತ್ತು. ಬ್ರಿಟನ್, ಐರ್ಲೆಂಡುಗಳು ಚಳಿಗೆ ತತ್ತರಿಸಿದವು. ಮೇಲಿನ ಪ್ರತಿಯೊಂದು ಏರುಪೇರೂ ಕೆಳಗೆ ಚಳಿ ತರುತ್ತದೆಂದಲ್ಲ. ಆದರೆ ಅದರ ಪ್ರಭಾವ ಸುಮಾರು ಎರಡು ತಿಂಗಳು ಉಳಿಯಬಲ್ಲದೆಂದು ವಿಜ್ಞಾನಿಗಳಾದ ಬಾಲ್ಡ್‌ವಿನ್ ಮತ್ತು ಡಂಕರ್ಟನ್ 2001ರಲ್ಲಿ ತೋರಿಸಿಕೊಟ್ಟರು.

ಮಾದರಿಯ ಮುಚ್ಚಳ ಇದೇ 30 ಕಿ.ಮೀ. ಎತ್ತರದಲ್ಲಿದ್ದರೆ ಏನಾಗುತ್ತದೆ? ಮೇಲೇರಿದ ಅಲೆ ಅದಕ್ಕೆ ಬಡಿದು ಹಿಂದಿರುಗುತ್ತದೆ; ನಿಜವಾದ ಆಕಾಶದಲ್ಲಿ ಅಂಥ ಗೋಡೆಯೇ ಇಲ್ಲ. ಇದನ್ನು ತಡೆಯಲು ಕೊನೆಯ ಕೆಲವು ಪದರಗಳಲ್ಲಿ ಅಲೆಗಳನ್ನು ಹೀರುವ ಕೃತಕ ‘ಸ್ಪಂಜ್’ ಇಡುತ್ತಾರೆ. ಆಗ ಸುಳ್ಳು ಅಲೆಯ ಜೊತೆಗೆ ಸುಳಿಯನ್ನು ಮುರಿಯಬೇಕಿದ್ದ ಅಲೆಯೂ ಅಡಗುತ್ತದೆ. ಯುರೋಪಿನ ಮುನ್ಸೂಚನಾ ಕೇಂದ್ರ ತನ್ನ ಮಾದರಿಯನ್ನು 137 ಪದರಗಳಲ್ಲಿ ಸುಮಾರು 80 ಕಿ.ಮೀ.ವರೆಗೆ ಏರಿಸಿರುವುದು ಸುಮ್ಮನೆ ಅಲ್ಲ.

ದೀರ್ಘಕಾಲದ ಲೆಕ್ಕದಲ್ಲೂ ಇದೇ ಪಾಠ. ಅಂಟಾರ್ಕ್ಟಿಕಾದ ಮೇಲೆ ಅದೇ ಸಮೋಷ್ಣ ಮಂಡಲದಲ್ಲಿ ಉಂಟಾದ ಓಝೋನ್ ರಂಧ್ರ ದಕ್ಷಿಣ ಗೋಳಾರ್ಧದ ಪಡುಗಾಳಿಯನ್ನು ಬೇಸಿಗೆಯಲ್ಲಿ ಧ್ರುವದ ಕಡೆಗೆ ಸರಿಸಿತು; ಓಝೋನ್ ಬದಲಾಗುವುದೇ ಇಲ್ಲವೆಂದು ಹಿಡಿದ ಮಾದರಿಗಳಿಗೆ ಆ ಕಾರಣ ಸಿಗುವಂತಿರಲಿಲ್ಲ.

ಮುಚ್ಚಳ ಎತ್ತರಿಸಿದೊಡನೆ ಎಲ್ಲ ಸರಿಹೋಗದು. ಮಾದರಿ ಲೆಕ್ಕಕ್ಕಾಗಿ ಭೂಮಿಯನ್ನು ವಿಂಗಡಿಸುವ ಚೌಕಗಳಿಗಿಂತ ಚಿಕ್ಕ ಅಲೆಗಳನ್ನು ಇಂದಿಗೂ ಅಂದಾಜಿನಲ್ಲೇ ತುಂಬಬೇಕು. ಸಮಭಾಜಕದ ಮೇಲೆ ದಿಕ್ಕು ಬದಲಿಸುತ್ತ ಸುಮಾರು 28 ತಿಂಗಳಿಗೊಮ್ಮೆ ಒಂದು ಪೂರ್ಣ ಸುತ್ತು ಮುಗಿಸುವ ಗಾಳಿಯ ಲಯ 2016ರ ಆರಂಭದಲ್ಲಿ ತಪ್ಪಿದಾಗ ಮುನ್ಸೂಚನಾ ಮಾದರಿಗಳು ಅದನ್ನು ಮೊದಲೇ ಹೇಳಲಿಲ್ಲ.

ನಾಳೆಯ ಮಳೆ ಹೇಳಲು ಇಷ್ಟೆಲ್ಲ ಬೇಕಿಲ್ಲ. ಆದರೆ ಮುಂದಿನ ತಿಂಗಳ ಹವೆಯನ್ನು, ಮುಂದಿನ ದಶಕಗಳ ವಾಯುಗುಣವನ್ನು ಹೇಳಹೊರಟವರು, ಹೊಸ ಸೂಪರ್‌ಕಂಪ್ಯೂಟರ್ ಬಂದಾಗ ಅದರ ಶಕ್ತಿಯನ್ನೆಲ್ಲ ನೆಲದ ಚೌಕಗಳನ್ನು ಕಿರಿದಾಗಿಸಲು ಸುರಿಯದೆ ಒಂದು ಪಾಲನ್ನು ಮೇಲಿನ ಪದರಗಳಿಗೂ ಕೊಡಬೇಕು.