ಬರೀ ಒಂದು ಕ್ವಾರ್ಟರ್

“ನಮ್ಮನೆಯವರು ಕುಡುಕರಲ್ಲ ಮಿಸ್, ಡ್ಯೂಟಿ ಮುಗಿಸಿ ಬಂದು ಬರೀ ಒಂದು ಕ್ವಾರ್ಟರ್ ಹಾಕಿಕೊಂಡು ಮಲಗುತ್ತಾರೆ.” ಪೀಣ್ಯದ ತಾಯಂದಿರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ‘ಬರೀ’ ಅಂತೆ!

ಕ್ವಾರ್ಟರ್ ಎಂದರೆ 180 ಎಂ.ಎಲ್. ರಮ್ಮೋ ವಿಸ್ಕಿಯೋ ಆದರೆ ಅದರಲ್ಲಿ ಶುದ್ಧ ಮದ್ಯಸಾರವೇ ಸುಮಾರು 60 ಗ್ರಾಂ. ತಿಂಗಳಿಗೊಮ್ಮೆ ಒಂದೇ ಕೂತಿಗೆ ಅಷ್ಟು ಕುಡಿದರೂ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತದ ಲೆಕ್ಕಕ್ಕೆ ಸೇರಿಸುತ್ತದೆ. ನಮ್ಮವರದು ದಿನದ ಲೆಕ್ಕ.

ನಮ್ಮ ಕಣ್ಣಿಗೆ ಕುಡುಕ ಎಂದರೆ ಚರಂಡಿ ಪಕ್ಕ ಬಿದ್ದಿರುವವನು ಮಾತ್ರ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಪೀಡೆ ತೊಲಗಿತೆಂದು ಹಿಗ್ಗಿದೆವು. ಪೀಡೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಿಂದ ರಟ್ಟಿನ ಪ್ಯಾಕೆಟ್ಟಿಗೆ ಬಂತು, ಅಷ್ಟೆ.

ನಾನೇನು ಬುದ್ಧಿವಂತೆಯಲ್ಲ. ನನ್ನಣ್ಣ ಪೀಣ್ಯ ಎರಡನೇ ಹಂತದಲ್ಲಿ ಲೇತ್ ಆಪರೇಟರ್. ಆಗೊಂದು ಈಗೊಂದು ಸೋಮವಾರ ಬಿಟ್ಟರೆ ಡ್ಯೂಟಿ ತಪ್ಪಿಸಿದವನಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತಿತ್ತು. ಒಂದು ಗುಟುಕು ಒಳಗೆ ಹೋದರೆ ತಟ್ಟನೆ ನಿಲ್ಲುತ್ತಿತ್ತು. ರಾತ್ರಿ ಪಾಳಿಯ ನಿಶ್ಶಕ್ತಿ ಎಂದು ಅತ್ತಿಗೆ ಬಾದಾಮಿ ಹಾಲು ಕೊಟ್ಟರು. ಬಿ.ಎ., ಬಿ.ಎಡ್. ಓದಿದ ನಾನು ಆ ಸೋಮವಾರಗಳ ರಜಾ ಅರ್ಜಿ ಬರೆದುಕೊಟ್ಟೆ. ಒಂದು ಸಲ ಜ್ವರ, ಇನ್ನೊಂದು ಸಲ ಅಜ್ಜಿಯ ತಿಥಿ. ಮಕ್ಕಳು ಸುಳ್ಳು ಚೀಟಿ ತಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು!

ಆ ನಡುಕವೇ ರೋಗದ ಗುರುತು. ಮೈ ಕುಡಿತಕ್ಕೆ ಒಗ್ಗಿಹೋದ ಮೇಲೆ ಅದಿಲ್ಲದ ಹೊತ್ತಿನಲ್ಲಿ ನರಗಳು ಹಾಗೆ ಬಂಡೇಳುತ್ತವೆ. ಬೆಳಗಿನ ವಾಕರಿಕೆ, ಊಟ ಸೇರದಿರುವುದು, ಅಂಗಾಲಿನ ಉರಿ, ರಾತ್ರಿ ಆಡಿದ ಮಾತು ಬೆಳಿಗ್ಗೆ ನೆನಪಿಲ್ಲದಿರುವುದು, ಮೊದಲು ತೊಂಬತ್ತಕ್ಕೇ ಏರುತ್ತಿದ್ದದ್ದು ಕ್ವಾರ್ಟರಿಗೂ ಏರದಿರುವುದು, ಎಲ್ಲ ನಮ್ಮ ಕಣ್ಣೆದುರೇ ಇತ್ತು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಕಾರಿದ ಮೇಲೆ ಆಸ್ಪತ್ರೆಗೆ ಓಡಿದೆವು. ಯಕೃತ್ತು ಗಂಟುಗಟ್ಟಿಹೋಗಿತ್ತು. ನಲವತ್ತಾರಕ್ಕೆ ಹೋದ.

ಕುಡಿಯುವ ತಪ್ಪು ಅವರದು, ಬಚ್ಚಿಡುವ ತಪ್ಪು ನಮ್ಮದು ಎಂದರೆ ನಿಮಗೆ ಕೋಪ ಬರುತ್ತದೆ. ಬರಲಿ. (ಹೊಡೆತಕ್ಕೆ ಹೆದರಿ ಬಾಯಿ ಮುಚ್ಚಿದವರನ್ನು ನಾನು ಅನ್ನುತ್ತಿಲ್ಲ.) ವೈದ್ಯರ ಹತ್ತಿರ ಹೋಗಲು ನಾಚಿಕೆ, ಗುಟ್ಟಾಗಿ ಸಾರಿಗೆ ಪುಡಿ ಬೆರೆಸಲು ನಾಚಿಕೆಯಿಲ್ಲ! ಡೈಸಲ್ಫಿರಾಂ ಎಂಬ ಔಷಧಿ ಹೊಟ್ಟೆಯಲ್ಲಿದ್ದು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಅದನ್ನು ವೈದ್ಯರು ಕೊಡಬೇಕು, ತಿನ್ನುವವನಿಗೆ ಗೊತ್ತಿರಬೇಕು. ದೇವರ ಮೇಲೆ ಆಣೆ ಹಾಕಿಸಿ ರಾತ್ರೋರಾತ್ರಿ ನಿಲ್ಲಿಸುವುದೂ ಅಷ್ಟೇ ಅಪಾಯ. ದಿನವೂ ಹೆಚ್ಚು ಕುಡಿದವನು ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ಬಿಡುವುದಕ್ಕೂ ವೈದ್ಯರು ಬೇಕು.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಅಷ್ಟು ದೂರ ಆಗದಿದ್ದರೆ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

“ಹುಚ್ಚಾಸ್ಪತ್ರೆಗೆ ಹೋದರೆಂದು ಗೊತ್ತಾದರೆ ಮಗಳಿಗೆ ಗಂಡು ಸಿಗುತ್ತದೆಯೇ?” ಅತ್ತಿಗೆ ಆಗ ಕೇಳಿದ್ದರು. ಗಂಡೇನೋ ಸಿಕ್ಕಿತು, ಮದುವೆಯೂ ಆಯಿತು. ಧಾರೆ ಎರೆದುಕೊಟ್ಟವನು ನನ್ನ ತಮ್ಮ.